ಹ್ಯಾಲೋವೀನ್ ರಾತ್ರಿ: ಹೆದರಬೇಕಾದದ್ದು ಭೂತಕ್ಕಲ್ಲ, ಬೀಗಕ್ಕೆ

ಗೌರಿಬಿದನೂರು: ದುಡ್ಡು ಕೊಟ್ಟು ಹೆದರಿಕೊಂಡು ಬರುವ ಹಬ್ಬ ನಮ್ಮ ಪಂಚಾಂಗದಲ್ಲಿಲ್ಲ. ಆದರೂ ಅಕ್ಟೋಬರ್ ತಿಂಗಳ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಮಾಲ್‌ಗಳಲ್ಲಿ, ಹೋಟೆಲುಗಳಲ್ಲಿ, ಕೆಲವು ಶಾಲೆಗಳಲ್ಲಿ ಕೂಡ ಅಸ್ಥಿಪಂಜರಗಳು ನೇತಾಡತೊಡಗುತ್ತವೆ. ಸಿಹಿಗುಂಬಳಕ್ಕೆ ಕಣ್ಣು, ಬಾಯಿ ಮೂಡುತ್ತವೆ. ಕನ್ನಡ ರಾಜ್ಯೋತ್ಸವದ ಹಿಂದಿನ ದಿನ, ಅಂದರೆ ಅಕ್ಟೋಬರ್ 31, ಹ್ಯಾಲೋವೀನ್. 2024ರಲ್ಲಂತೂ ಅದೇ ದಿನ ನರಕ ಚತುರ್ದಶಿಯೂ ಬಂದು, ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಭೂತವೇಷ ಎಂಬಂಥ ಸಂದರ್ಭ ಒದಗಿತ್ತು.

ಈ ಹಬ್ಬದ ಅತಿ ದೊಡ್ಡ ವೇದಿಕೆ ಇಂದು ಮನೆಯಂಗಳವಲ್ಲ, ಥೀಮ್ ಪಾರ್ಕ್. ಮೈಸೂರು ರಸ್ತೆಯ ಬಿಡದಿ ಬಳಿ 2005ರಲ್ಲಿ ವಂಡರ್‌ಲಾ ಬಾಗಿಲು ತೆರೆದ ಮೇಲೆ ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮಕ್ಕಳಿಗೂ ಇಂಥ ಉದ್ಯಾನ ಕನಸಿನ ಮಾತಾಗಿ ಉಳಿಯಲಿಲ್ಲ. ಸಿಂಗಪುರ, ಅಮೆರಿಕಗಳಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಹೋಗುವ ತಂದೆತಾಯಿಯರು ಅಕ್ಟೋಬರಿನಲ್ಲಿ ಅಲ್ಲಿದ್ದರೆ ಹ್ಯಾಲೋವೀನ್ ಸಂತೋಷಕೂಟದ ಟಿಕೆಟ್ಟೂ ಕೈಗೆ ಬರುತ್ತದೆ. ಆ ಕತ್ತಲ ಮನೆಯೊಳಗೆ ನಡೆಯುವುದೇನು? ಅಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ? ಹೋಗುವ ಮುನ್ನ ತಿಳಿದಿರುವುದು ಒಳ್ಳೆಯದು.

ಹಿರಿಯರ ಹಬ್ಬದ ದೂರದ ನೆಂಟ

ಹ್ಯಾಲೋವೀನಿನ ಬೇರು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಕೆಲ್ಟಿಕ್ ಜನರ ‘ಸಾವಿನ್’ ಎಂಬ ಆಚರಣೆಯಲ್ಲಿದೆ ಎನ್ನಲಾಗುತ್ತದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಕಾಲದಲ್ಲಿ ಸತ್ತವರ ಲೋಕಕ್ಕೂ ಬದುಕಿರುವವರ ಲೋಕಕ್ಕೂ ನಡುವಿನ ತೆರೆ ತೆಳುವಾಗುತ್ತದೆ ಎಂಬುದು ನಂಬಿಕೆ. ಕ್ರೈಸ್ತ ಧರ್ಮದಲ್ಲಿ ನವೆಂಬರ್ 1 ಸಕಲ ಸಂತರ ದಿನ, ನವೆಂಬರ್ 2 ಅಗಲಿದ ಆತ್ಮಗಳ ದಿನ. ಸಂತರ ದಿನದ ಹಿಂದಿನ ಸಂಜೆ ಎಂಬ ಅರ್ಥದ ಇಂಗ್ಲಿಷ್ ಪದಗಳೇ ಸವೆದು ‘ಹ್ಯಾಲೋವೀನ್’ ಆಗಿದೆ.

ಹಳೆ ಮೈಸೂರು ಸೀಮೆಯವರಿಗೆ ಈ ಭಾವನೆ ಅಪರಿಚಿತವೇನಲ್ಲ. ಮಹಾಲಯ ಅಮಾವಾಸ್ಯೆಯಂದು ಅಗಲಿದ ಹಿರಿಯರಿಗೆ ಇಷ್ಟವಾದುದನ್ನೆಲ್ಲ ಮಾಡಿ ಎಡೆ ಇಡುವ ಮನೆಗಳು ಇಲ್ಲಿ ಊರೂರಲ್ಲೂ ಇವೆ. ವ್ಯತ್ಯಾಸವಿಷ್ಟೇ: ನಮ್ಮಲ್ಲಿ ಹಿರಿಯರು ಅತಿಥಿಗಳಾಗಿ ಬರುತ್ತಾರೆ, ಅಲ್ಲಿ ಅಲೆದಾಡುವ ಆತ್ಮಗಳಿಗೆ ಗುರುತು ಸಿಗದಿರಲೆಂದು ಜನ ವೇಷ ಹಾಕಿಕೊಂಡರು.

ಕುಂಬಳಕಾಯಿಯ ಕಥೆಯೂ ಹೀಗೆಯೇ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಹಡಗು ಹತ್ತಿ ಅಮೆರಿಕ ಸೇರಿದ ಐರಿಷ್ ಜನರಿಗೆ ಅಲ್ಲಿ ಧಾರಾಳವಾಗಿ ಸಿಕ್ಕಿದ್ದು, ಕೊರೆಯಲು ಸುಲಭವಾಗಿದ್ದುದು ಸಿಹಿಗುಂಬಳ. ನಮ್ಮಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಕೋರೆಹಲ್ಲು, ಮೀಸೆ ಬರೆದು ನೇತುಹಾಕುವ ಬೂದುಗುಂಬಳದ ಕೆಲಸವೂ ಅದೇ: ಕೆಟ್ಟದ್ದನ್ನು ಹೊಸಿಲಾಚೆಯೇ ನಿಲ್ಲಿಸುವುದು.

ಪಾರ್ಕಿನ ಲೆಕ್ಕಾಚಾರ

ಮನೆಮನೆಯ ಹಬ್ಬ ಥೀಮ್ ಪಾರ್ಕಿಗೆ ಬಂದದ್ದು ಭಕ್ತಿಯಿಂದಲ್ಲ, ಲೆಕ್ಕಾಚಾರದಿಂದ. ಅಮೆರಿಕದಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದರೆ ಉದ್ಯಾನಗಳು ಭಣಗುಟ್ಟುತ್ತವೆ. ಡಿಸೆಂಬರಿನ ಕ್ರಿಸ್‌ಮಸ್‌ವರೆಗೆ ಕಾಯುವಂತಿಲ್ಲ. ಯಂತ್ರಗಳ ನಿರ್ವಹಣೆ, ನೌಕರರ ಸಂಬಳ ನಿಲ್ಲುವಂತಿಲ್ಲ. ಈ ಬರಗಾಲದ ತಿಂಗಳಿಗೆ ಪರಿಹಾರ ಹುಡುಕಿದ್ದು ಕ್ಯಾಲಿಫೋರ್ನಿಯದ ನಾಟ್ಸ್ ಬೆರಿ ಫಾರ್ಮ್. 1973ರ ಅಕ್ಟೋಬರಿನಲ್ಲಿ ಮೂರು ರಾತ್ರಿಗಳ ಮಟ್ಟಿಗೆ ಇಡೀ ಉದ್ಯಾನಕ್ಕೆ ಭೂತವೇಷ ತೊಡಿಸಿದ ಆ ಪ್ರಯೋಗ ಗೆದ್ದಿತು, ಇಂದಿಗೂ ಮುಂದುವರಿದಿದೆ.

1991ರಲ್ಲಿ ಫ್ಲಾರಿಡಾದ ಯೂನಿವರ್ಸಲ್ ಸ್ಟುಡಿಯೋಸ್ ಇದೇ ಹಾದಿ ಹಿಡಿಯಿತು. ಅದರ ‘ಹ್ಯಾಲೋವೀನ್ ಹಾರರ್ ನೈಟ್ಸ್’ 2011ರಲ್ಲಿ ಸಿಂಗಪುರಕ್ಕೂ ಬಂತು. ಹಾಂಗ್‌ಕಾಂಗಿನ ಓಷನ್ ಪಾರ್ಕ್ 2001ರಿಂದ ತನ್ನದೇ ಹ್ಯಾಲೋವೀನ್ ಉತ್ಸವ ನಡೆಸತೊಡಗಿತು. ಫ್ಲಾರಿಡಾದ ಡಿಸ್ನಿ ಉದ್ಯಾನ 1995ರಲ್ಲಿ ಪುಟ್ಟ ಮಕ್ಕಳಿಗಾಗಿಯೇ ‘ಅಷ್ಟೇನೂ ಹೆದರಿಸದ’ ಎಂಬ ವಿಶೇಷಣ ಹೊತ್ತ, ಮಿಕ್ಕಿ ಇಲಿಯ ಹೆಸರಿನ ಸಂತೋಷಕೂಟವನ್ನು ಆರಂಭಿಸಿತು.

ಹೀಗಾಗಿ ಥೀಮ್ ಪಾರ್ಕಿನ ಹ್ಯಾಲೋವೀನ್ ಎಂದರೆ ಒಂದೇ ಬಗೆಯದಲ್ಲ, ಎರಡು ಬಗೆಯದು. ಡಿಸ್ನಿ ಮಾದರಿಯಲ್ಲಿ ಬಂದವರೇ ವೇಷಧಾರಿಗಳು. ಮಕ್ಕಳು ಚೀಲ ಹಿಡಿದು ಮಿಠಾಯಿ ಸಂಗ್ರಹಿಸುತ್ತಾರೆ, ಮೆರವಣಿಗೆ ನೋಡುತ್ತಾರೆ. ಆದರೆ ಅಲ್ಲಿಯೂ 14 ವರ್ಷ ತುಂಬಿದವರು ಮುಖವಾಡ ಧರಿಸುವಂತಿಲ್ಲ. ಯೂನಿವರ್ಸಲ್ ಮಾದರಿಯಲ್ಲಿ ಇದು ತಿರುವುಮುರುವು. ಅಲ್ಲಿ ಪ್ರೇಕ್ಷಕ ವೇಷ ಹಾಕುವಂತೆಯೇ ಇಲ್ಲ. 13 ವರ್ಷದೊಳಗಿನ ಮಕ್ಕಳಿಗೆ ಇದು ತಕ್ಕುದಲ್ಲ ಎಂದು ಸಂಸ್ಥೆಯೇ ಎಚ್ಚರಿಸುತ್ತದೆ. ಕಾರಣ ಸರಳ. ಕತ್ತಲಲ್ಲಿ ಕೊಡಲಿ ಹಿಡಿದು ಎದುರಾಗುವವನು ಸಂಬಳದ ನಟನೋ ಹೊರಗಿನ ಕಿಡಿಗೇಡಿಯೋ ಎಂಬುದು ಕಾವಲುಗಾರರಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಎರಡೂ ಬಗೆಗೆ ಹಗಲಿನ ಟಿಕೆಟ್ ಸಾಲದು, ರಾತ್ರಿಗೆ ಪ್ರತ್ಯೇಕ ಟಿಕೆಟ್ ಬೇಕು. ಯಾವ ಬಗೆಯದೆಂದು ವಿಚಾರಿಸದೆ ಐದು ವರ್ಷದ ಮಗುವನ್ನು ಎರಡನೆಯದಕ್ಕೆ ಕರೆದೊಯ್ದರೆ ಆ ರಾತ್ರಿ ಮಾತ್ರವಲ್ಲ, ಮುಂದಿನ ಹಲವು ರಾತ್ರಿಗಳ ನಿದ್ದೆ ಕೆಡಬಹುದು.

ಹೆದರಿಕೆ ಹಿತವಾಗುವುದು ಹೇಗೆ?

ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ನಡುವಯಸ್ಸಿನವರು ಮರೆತಿರಲಾರರು. ರಾತ್ರಿ ಬಾಗಿಲು ತಟ್ಟುವ ದೆವ್ವ ಬರಹವನ್ನು ಓದಿ ಹಿಂದಿರುಗುತ್ತದೆ ಎಂಬ ವದಂತಿ ಅದು. ಆ ಭಯದಲ್ಲಿ ಯಾರಿಗೂ ಮೋಜಿರಲಿಲ್ಲ. ಆದರೆ 1979ರ ‘ನಾ ನಿನ್ನ ಬಿಡಲಾರೆ’ಗೂ 2004ರ ‘ಆಪ್ತಮಿತ್ರ’ಕ್ಕೂ ಅದೇ ಜನ ಟಿಕೆಟ್ ಕೊಂಡು ಹೋದರು. ಭಯ ಒಂದೇ, ಬದಲಾದದ್ದು ‘ಇದು ನಿಜವಲ್ಲ’ ಎಂಬ ಅರಿವು.

ಕತ್ತಲಲ್ಲಿ ಏನೋ ಥಟ್ಟನೆ ಎರಗಿದಾಗ ಮಿದುಳಿನ ಅಮಿಗ್ಡಾಲ ಎಂಬ ಭಾಗ ಯೋಚನೆಗೆ ಕಾಯದೆ ಅಪಾಯದ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಕಾಲು ಓಡಲು ಅಣಿಯಾಗುತ್ತದೆ. ಮರುಕ್ಷಣದಲ್ಲೇ ಮಿದುಳಿನ ಮುಂಭಾಗ ‘ಇದು ನಟ, ಇದು ಬಣ್ಣ’ ಎಂದು ತೀರ್ಪು ಕೊಡುತ್ತದೆ. ಏರಿದ ಉದ್ವೇಗಕ್ಕೆ ಬೇರೆ ದಾರಿಯಿಲ್ಲದೆ ಅದು ನಗುವಾಗಿ ಹೊರಬರುತ್ತದೆ. ಚೀರಿದವರೇ ಮರುಗಳಿಗೆ ಬಿದ್ದು ಬಿದ್ದು ನಗುವುದು ಇದಕ್ಕಾಗಿ.

ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆಯೊಂದಕ್ಕೆ ಬಂದ 110 ಮಂದಿಗೆ ಎದೆಬಡಿತದ ಮಾಪಕ ಕಟ್ಟಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೆದರಿಕೆ ತೀರಾ ಕಡಿಮೆಯಾದಾಗ ಮೋಜಿಲ್ಲ, ತೀರಾ ಹೆಚ್ಚಾದಾಗಲೂ ಮೋಜಿಲ್ಲ. ನಡುವಿನ ಒಂದು ಹದದಲ್ಲಿ ಮಾತ್ರ ಸುಖ ಎಂಬುದು ಅದರ ಸಾರ. ಉಪ್ಪಿನ ಹದದಂತೆ ಇದು ಕೂಡ ಒಬ್ಬೊಬ್ಬರ ನಾಲಿಗೆಗೆ ಒಂದೊಂದು. ಗೆಳೆಯರು ಕೆಣಕಿದರೆಂದು ಒಳಹೋಗುವವರಿಗೆ ಈ ಮಾತು ನೆನಪಿರಲಿ. ಅರ್ಧದಲ್ಲಿ ಹೊರಬರುವುದು ಹೇಡಿತನವಲ್ಲ. ಅದಕ್ಕಾಗಿಯೇ ಒಳ್ಳೆಯ ಭೂತಬಂಗಲೆಗಳಲ್ಲಿ ನಡುದಾರಿಯ ಬಾಗಿಲುಗಳಿರುತ್ತವೆ.

ತೆರೆಮರೆಯ ಕೈಚಳಕ

ಜಾತ್ರೆ, ವಸ್ತುಪ್ರದರ್ಶನಗಳ ‘ಭೂತಬಂಗಲೆ’ಯನ್ನು ಹೊಕ್ಕವರಿಗೆ ಇದರ ಮೂಲಪಾಠ ಗೊತ್ತು: ಕತ್ತಲು, ಕಿರಿದಾದ ದಾರಿ, ಅನಿರೀಕ್ಷಿತ ತಿರುವು. ದೊಡ್ಡ ಉದ್ಯಾನಗಳಲ್ಲಿ ಇದೇ ಪಾಠ ಎಂಜಿನಿಯರಿಂಗ್ ಆಗಿದೆ. ಜನರನ್ನು ಒಟ್ಟಿಗೆ ನುಗ್ಗಿಸದೆ ಸಣ್ಣ ಸಣ್ಣ ಗುಂಪುಗಳಾಗಿ ಬಿಡಲಾಗುತ್ತದೆ. ಎಡಗಡೆ ಬೊಂಬೆಯೊಂದು ಅಲುಗಾಡಿ ಕಣ್ಣು ಸೆಳೆದಾಗ ಬಲಗಡೆಯಿಂದ ನಟ ಹಾರುತ್ತಾನೆ. ಹೆಸರಾಂತ ಉದ್ಯಾನಗಳಲ್ಲಿ ನಟರು ಪ್ರೇಕ್ಷಕರನ್ನು ಮುಟ್ಟುವುದಿಲ್ಲ, ಪ್ರೇಕ್ಷಕರು ನಟರನ್ನು ಮುಟ್ಟಕೂಡದು ಎಂಬುದು ನಿಯಮ.

ಗಾಳಿಯಲ್ಲಿ ತೇಲುವ ಪಾರದರ್ಶಕ ಪ್ರೇತ ಬಹುಮಟ್ಟಿಗೆ ಗಾಜಿನ ಆಟ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಜನಪ್ರಿಯಗೊಳಿಸಿದ ತಂತ್ರ ಇದು. ಪ್ರೇಕ್ಷಕರಿಗೂ ರಂಗಕ್ಕೂ ನಡುವೆ ಓರೆಯಾಗಿ ದೊಡ್ಡ ಗಾಜು ನಿಲ್ಲಿಸಿ, ಮರೆಯಲ್ಲಿರುವ ನಟನ ಮೇಲೆ ಬೆಳಕು ಚೆಲ್ಲಿದರೆ ಅವನ ಪ್ರತಿಬಿಂಬ ರಂಗದ ಮೇಲೆ ಸುಳಿದಾಡುತ್ತದೆ. ಬೆಳಕು ಆರಿಸಿದರೆ ಮಾಯ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ಪಕ್ಕದವರ ಮುಖ ಹೊರಗಿನ ಮರಗಳ ಮೇಲೆ ತೇಲಿದಂತೆ ಕಾಣುವುದೂ ಇದೇ ತತ್ತ್ವ. 1969ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ತೆರೆದ ಭೂತಮಹಲಿನ ನರ್ತಿಸುವ ಪ್ರೇತಗಳೂ ಇದರ ಸಂತತಿಯೇ.

ಮಂಜು ಕಾರುವ ಯಂತ್ರ, ಝಗ್ಗನೆ ಮಿನುಗುವ ದೀಪಗಳು ಉಳಿದ ಸಲಕರಣೆಗಳು. ಇವು ನಿಜಕ್ಕೂ ಗಮನಿಸಬೇಕಾದವು. ಉಬ್ಬಸ ಇರುವವರಿಗೆ ಕೃತಕ ಮಂಜು ತೊಂದರೆ ಕೊಡಬಹುದು. ಬೆಳಕಿನ ಮಿನುಗಿಗೆ ಪ್ರಚೋದನೆಗೊಳ್ಳುವ ಮೂರ್ಛೆರೋಗದವರಿಗೆ ಈ ದೀಪಗಳು ಅಪಾಯ. ಹೃದ್ರೋಗಿಗಳು, ಗರ್ಭಿಣಿಯರು ಹೊರಗೇ ಉಳಿಯುವುದು ವಿವೇಕ.

ಒಪ್ಪಂದ ಮುರಿದಾಗ

ಇಷ್ಟೆಲ್ಲದರ ಅಡಿಪಾಯ ಒಂದು ಅಲಿಖಿತ ಒಪ್ಪಂದ: ‘ನೀನು ಹೆದರುತ್ತೀ, ಆದರೆ ನಿನಗೇನೂ ಆಗುವುದಿಲ್ಲ.’ ಈ ಮಾತಿನ ಮೊದಲರ್ಧವನ್ನು ಯಾರು ಬೇಕಾದರೂ ನಡೆಸಿಕೊಟ್ಟಾರು. ಎರಡನೆಯ ಅರ್ಧಕ್ಕೇ ಖರ್ಚು, ಶಿಸ್ತು, ಕಾನೂನು ಬೇಕು.

1984ರ ಮೇ 11ರಂದು ಅಮೆರಿಕದ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಉದ್ಯಾನದ ಭೂತಕೋಟೆಗೆ ಬೆಂಕಿ ಬಿತ್ತು. ಟ್ರೇಲರುಗಳನ್ನು ಜೋಡಿಸಿ ಮಾಡಿದ ಕಟ್ಟಡ, ಗೋಡೆಗೆ ಹಚ್ಚಿದ ಫೋಮ್, ಕತ್ತಲಲ್ಲಿ ದಾರಿ ಕಾಣಲು ಯಾರೋ ಹಚ್ಚಿದ ಲೈಟರ್. ನೀರು ಸಿಂಪಡಿಸುವ ವ್ಯವಸ್ಥೆ ಅಲ್ಲಿರಲಿಲ್ಲ. ಎಂಟು ಮಂದಿ ಹದಿಹರೆಯದವರು ಸತ್ತರು. ಬೆಂಕಿ ಕಂಡವರಲ್ಲಿ ಕೆಲವರು ಅದನ್ನೂ ಆಟದ ಭಾಗವೆಂದೇ ಭಾವಿಸಿದ್ದರು. ನಟನೆಯ ಅಪಾಯದ ನಡುವೆ ನಿಜದ ಅಪಾಯ ಬಂದರೆ ಗುರುತು ಹಿಡಿಯುವುದೇ ಕಷ್ಟ. ಭೂತಬಂಗಲೆಗೆ ಇತರ ಕಟ್ಟಡಗಳಿಗಿಂತ ಕಟ್ಟುನಿಟ್ಟಿನ ನಿಯಮ ಬೇಕಾಗುವುದು ಇದರಿಂದಲೇ. ಈ ದುರಂತದ ನಂತರ ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಗಳು ಇಂಥ ಕಟ್ಟಡಗಳನ್ನು ವಿಶೇಷ ವರ್ಗವಾಗಿ ಪರಿಗಣಿಸಿದವು. ಹೊಗೆ ಪತ್ತೆಯಾದೊಡನೆ ಕೂಗಾಟದ ಧ್ವನಿಮುದ್ರಣ ನಿಲ್ಲಬೇಕು, ದೀಪಗಳು ಹೊತ್ತಿಕೊಳ್ಳಬೇಕು, ನೀರು ಸುರಿಯಬೇಕು.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ತಗುಲಿದಾಗ ಹೊಗೆಯಲ್ಲಿ ಸಿಕ್ಕಿದವರಿಗೆ ಹೊರಹೋಗುವ ದಾರಿ ಮುಚ್ಚಿತ್ತು. ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಆಟದ ವಲಯವೊಂದರಲ್ಲಿ ಮಕ್ಕಳೂ ಸೇರಿ 27 ಮಂದಿ ಬೆಂದುಹೋದರು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಆ ಆಟದ ವಲಯಕ್ಕೆ ಇರಲಿಲ್ಲ.

ಬೆಂಕಿಯಿಲ್ಲದೆಯೂ ಪ್ರಾಣ ಹೋಗಬಲ್ಲದು. ದಕ್ಷಿಣ ಕೊರಿಯದ ರಾಜಧಾನಿ ಸೋಲ್‌ನ ಇಟೇವಾನ್ ಬಡಾವಣೆಯಲ್ಲಿ 2022ರ ಅಕ್ಟೋಬರ್ 29ರಂದು ಹ್ಯಾಲೋವೀನ್ ಆಚರಿಸಲು ಸೇರಿದ ಜನಸ್ತೋಮ ಸುಮಾರು 3.2 ಮೀಟರ್ ಅಗಲದ ಇಳಿಜಾರು ಓಣಿಯೊಂದರಲ್ಲಿ ಸಿಲುಕಿತು. ಒಟ್ಟು 159 ಮಂದಿ ಸತ್ತರು. ಅದು ಯಾವ ಸಂಸ್ಥೆಯೂ ಏರ್ಪಡಿಸಿದ ಸಮಾರಂಭವಾಗಿರಲಿಲ್ಲ. ಹಾಗಾಗಿ ಎಷ್ಟು ಜನ ಒಳಬರಬೇಕೆಂದು ಎಣಿಸುವವರೂ ಇರಲಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ನಡೆದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತದ್ದು ನಾಡಿನ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ.

ನಂದಿ ಗ್ರಾಮದ ಭೋಗನಂದೀಶ್ವರನ ಶಿವರಾತ್ರಿ ರಥೋತ್ಸವ ಕಂಡವರಿಗೆ ಜನಸಂದಣಿ ಹೊಸದೇನಲ್ಲ. ಆದರೆ ತೇರಿನ ಜನ ಬಯಲಲ್ಲಿ ನಿಂತಿರುತ್ತಾರೆ, ಸರಿದು ನಿಲ್ಲಲು ಜಾಗವಿರುತ್ತದೆ. ನಾಲ್ಕು ಗೋಡೆಗಳ ನಡುವೆ, ಕತ್ತಲಲ್ಲಿ, ಒಂದೇ ದಿಕ್ಕಿಗೆ ಸಾಗುವ ಸಾಲಿಗೆ ಆ ಅವಕಾಶವಿಲ್ಲ. ಒಂದು ಚದರ ಮೀಟರಿನಲ್ಲಿ ಐದಾರು ಮಂದಿಗಿಂತ ಹೆಚ್ಚು ಸೇರಿದರೆ ಗುಂಪು ನೀರಿನಂತೆ ವರ್ತಿಸತೊಡಗುತ್ತದೆ. ಅದರೊಳಗಿನ ವ್ಯಕ್ತಿಗೆ ತನ್ನ ಕಾಲ ಮೇಲೆ ಹಿಡಿತ ಉಳಿಯುವುದಿಲ್ಲ. ಅಲ್ಲಿ ಸಾವು ಬರುವುದು ಬಹುತೇಕ ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟುವುದರಿಂದ.

ಒಳಹೋಗುವ ಮುನ್ನ

ಹಾಗಾದರೆ ಹೋಗಲೇಬಾರದೆ? ಹಾಗೇನಿಲ್ಲ. ಜವಾಬ್ದಾರಿಯುತ ಉದ್ಯಾನಗಳಲ್ಲಿ ಕೋಟ್ಯಂತರ ಮಂದಿ ಹೆದರಿ, ನಕ್ಕು, ಸುಖವಾಗಿ ಮನೆ ಸೇರಿದ್ದಾರೆ. ಬೇಕಾದದ್ದು ನಾಲ್ಕು ಸಂಗತಿಗಳ ಮೇಲೆ ಕಣ್ಣು.

ಮೊದಲನೆಯದು ಬಾಗಿಲು. ಒಳಹೋಗುವ ದಾರಿಯಷ್ಟೇ ಸ್ಪಷ್ಟವಾಗಿ ಹೊರಬರುವ ದಾರಿ ಕಾಣುತ್ತಿದೆಯೇ? ತುರ್ತು ದ್ವಾರದ ಫಲಕ ಕತ್ತಲಲ್ಲೂ ಬೆಳಗುತ್ತಿದೆಯೇ? ಅದಕ್ಕೆ ಬೀಗ ಬಿದ್ದಿದ್ದರೆ, ಮುಂದೆ ಕುರ್ಚಿ, ಪೆಟ್ಟಿಗೆ ಪೇರಿಸಿದ್ದರೆ, ಟಿಕೆಟ್ಟಿನ ಹಣ ಹೋದರೂ ಸರಿ, ಹಿಂದಿರುಗುವುದು ಲೇಸು. ಎರಡನೆಯದು ಎಣಿಕೆ. ಬಾಗಿಲಲ್ಲಿ ನಿಂತು ಗುಂಪುಗಳನ್ನು ತಡೆದು ಬಿಡುವ ಸಿಬ್ಬಂದಿ ಇದ್ದರೆ ಒಳ್ಳೆಯ ಲಕ್ಷಣ. ಬಂದವರನ್ನೆಲ್ಲ ನುಗ್ಗಿಸುತ್ತಿದ್ದರೆ ಅಲ್ಲ.

ಮೂರನೆಯದು ವೇಷ. ನೆಲ ಗುಡಿಸುವ ನಿಲುವಂಗಿ ಮೆಟ್ಟಿಲಲ್ಲಿ ಮುಗ್ಗರಿಸುತ್ತದೆ, ತಿರುಗುವ ಆಟಗಳ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಅಗ್ಗದ ಸಿಂಥೆಟಿಕ್ ಬಟ್ಟೆ ದೀಪಾವಳಿಯ ಪಟಾಕಿಯ ಬಳಿ ಎಷ್ಟು ಅಪಾಯವೋ ಮೇಣದಬತ್ತಿಯ ಬಳಿಯೂ ಅಷ್ಟೇ. ಅಂಗಳದ ಕುಂಬಳಕಾಯಿಯೊಳಗೆ ಬತ್ತಿಯ ಬದಲು ಬ್ಯಾಟರಿ ದೀಪ ಇಡುವುದು ಜಾಣತನ. ದೊಡ್ಡ ಉದ್ಯಾನಗಳು ಬಟ್ಟೆಯ ಉದ್ದ, ಆಟಿಕೆ ಆಯುಧಗಳ ಬಗ್ಗೆ ಮೊದಲೇ ಸೂಚನೆ ಪ್ರಕಟಿಸುತ್ತವೆ. ಅದನ್ನು ಓದಿಕೊಂಡೇ ಹೊರಡಬೇಕು.

ನಾಲ್ಕನೆಯದು, ಬಹುಮಂದಿ ಮರೆಯುವಂಥದ್ದು, ಮರಳುವ ದಾರಿ. ಗೌರಿಬಿದನೂರಿನಿಂದ ಬಿಡದಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬೆಂಗಳೂರನ್ನು ದಾಟಿಕೊಂಡೇ ಹೋಗಬೇಕು. ರಾತ್ರಿಯ ಸಂತೋಷಕೂಟ ಮುಗಿದು ದೊಡ್ಡಬಳ್ಳಾಪುರ ಮಾರ್ಗದಲ್ಲೋ ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲೋ ಹೊರಟರೆ ಚಾಲಕನ ಕಣ್ಣಿಗೆ ನಿದ್ದೆ, ರಸ್ತೆಗೆ ಮಂಜು. ಈ ಸೀಮೆಯಲ್ಲಿ ಅಕ್ಟೋಬರ್ ಕೊನೆಯ ಮಂಜು ಯಂತ್ರದಿಂದ ಬರುವುದಲ್ಲ. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ದಟ್ಟ ಮಂಜಿನ ನಡುವೆ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಡಿಕ್ಕಿ ಹೊಡೆದು 13 ಮಂದಿ ಸತ್ತರು. ದಸರಾ ಮುಗಿಸಿಕೊಂಡು ಬೆಂಗಳೂರಿನ ಕಡೆ ಹೊರಟಿದ್ದ ಜನ ಅವರು. ಯಾವ ಭೂತಬಂಗಲೆಯೂ ಇಷ್ಟು ಜೀವ ತೆಗೆಯುವ ಮಂಜನ್ನು ಕಾರಿಲ್ಲ. ಬೆಂಗಳೂರು–ಗುಂತಕಲ್ ಮಾರ್ಗದಲ್ಲಿರುವ ಗೌರಿಬಿದನೂರಿಗೆ ರೈಲಿನ ಅನುಕೂಲವಿದೆ. ಮರಳುವ ಗಾಡಿಯ ವೇಳೆಯನ್ನು ಮೊದಲೇ ನೋಡಿಕೊಳ್ಳಬಹುದು. ಇಲ್ಲವೇ ನೆಂಟರ ಮನೆಯಲ್ಲಿ ಮಲಗಿ, ಬಿಸಿಲೇರಿದ ಮೇಲೆ ಹೊರಡಬಹುದು. ಮರುದಿನ ಹೇಗೂ ರಾಜ್ಯೋತ್ಸವದ ರಜೆ.

ಮಕ್ಕಳ ಮಾತು

ಸುಮಾರು ಆರೇಳು ವರ್ಷದವರೆಗಿನ ಮಕ್ಕಳಿಗೆ ಕಲ್ಪನೆಗೂ ನಿಜಕ್ಕೂ ನಡುವಿನ ಗೆರೆ ಗಟ್ಟಿಯಾಗಿರುವುದಿಲ್ಲ. ದೊಡ್ಡವರಿಗೆ ನಗು ತರಿಸುವ ‘ಇದು ಬಣ್ಣ’ ಎಂಬ ತೀರ್ಪು ಅವರ ಮನಸ್ಸಿನಲ್ಲಿ ಅಷ್ಟು ಬೇಗ ಹುಟ್ಟುವುದಿಲ್ಲ. ಅವರಿಗೆ ಹಗಲಿನಲ್ಲೇ ಮುಖವಾಡ ತೋರಿಸಿ, ಕೈಗೆ ಕೊಟ್ಟು, ತೆಗೆದು ಹಾಕಿ ಆಡಲು ಬಿಟ್ಟರೆ ರಾತ್ರಿಯ ಭೂತ ಅರ್ಧ ಸೋತಂತೆ. ಊರಿಗೆ ಹಗಲುವೇಷದವರು ಬಂದಾಗ ಬಣ್ಣ ಬಳಿದುಕೊಳ್ಳುವುದನ್ನೇ ಎದುರು ಕುಳಿತು ನೋಡುತ್ತಿದ್ದ ಹಿಂದಿನ ಮಕ್ಕಳಿಗೆ ಈ ಪಾಠ ತಾನಾಗಿಯೇ ಸಿಕ್ಕಿತ್ತು.

ಮಗು ಒಳಹೋಗಲು ಒಲ್ಲೆನೆಂದರೆ ಒತ್ತಾಯ ಬೇಡ. ಹೋಗುತ್ತೇನೆಂದರೆ ಕೈ ಬಿಡುವುದು ಬೇಡ. ಒಳಗೆ ಕಾಲಿಡುವ ಮುನ್ನ ಹೊರಬರುವ ಬಾಗಿಲು ಎಲ್ಲಿದೆ ಎಂಬುದನ್ನು ಮಗುವಿಗೂ ಒಮ್ಮೆ ಬೆರಳು ಮಾಡಿ ತೋರಿಸಿರಬೇಕು.